ಇದು ಯಾವ ನೇರಳೆ? ಸಂಶೋಧನೆಗೆ ಒದಗುವ ಒಣಮಾದರಿ ಮಾಡುವ ಬಗೆ

‘ಎಲೆಯ ಫೋಟೋ ಕಳಿಸಿದ್ದೇವೆ, ಇದು ಯಾವ ನೇರಳೆ ಹೇಳಿ.’ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಎಂ.ಎಸ್ಸಿ. ಪ್ರಾಜೆಕ್ಟಿನವರಿದ್ದಾರೆ, ಆಯುರ್ವೇದ ಮತ್ತು ಫಾರ್ಮಸಿ ಕಾಲೇಜಿನವರಿದ್ದಾರೆ, ರಜೆ ಬಂತೆಂದರೆ ಕಾಡು ಸುತ್ತುವ ಹವ್ಯಾಸಿಗಳೂ ಇದ್ದಾರೆ. ಎಲ್ಲರಿಗೂ ಉತ್ತರ ಒಂದೇ: ಬರೀ ಎಲೆಯ ಫೋಟೋ ನೋಡಿ ಖಚಿತವಾಗಿ ಹೇಳಲು ಬರುವುದಿಲ್ಲ. ನೇರಳೆಯ ಕುಲವಾದ ಸಿಜಿಜಿಯಂನಲ್ಲಿ ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಪಶ್ಚಿಮಘಟ್ಟದಲ್ಲೇ ಹತ್ತಾರು. ಅವುಗಳ ಎಲೆಗಳು ಅಣ್ಣತಮ್ಮಂದಿರಂತೆ ಒಂದನ್ನೊಂದು ಹೋಲುತ್ತವೆ. ಬೇರ್ಪಡಿಸುವ ಲಕ್ಷಣಗಳು ಇರುವುದು ಮೊಗ್ಗು, ಹೂ, ಕಾಯಿ, ಎಳೆಕೊಂಬೆಗಳಲ್ಲಿ.

ಹಾಗಾಗಿ ಬೇಕಾದದ್ದು ಹರ್ಬೇರಿಯಂ ಮಾದರಿ. ಹೂ ಅಥವಾ ಕಾಯಿ ಇರುವ ಕೊಂಬೆಯನ್ನು ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಎಲ್ಲಿ ಯಾವಾಗ ಸಿಕ್ಕಿತೆಂದು ಬರೆದಿಟ್ಟದ್ದು. ಒಂದು ಸಂಶೋಧನೆಗೆ ಆಧಾರವಾಗಿ ಇಟ್ಟ ಇಂಥ ಮಾದರಿಗೆ ವೋಚರ್ ಮಾದರಿ ಎನ್ನುತ್ತಾರೆ. ನೇರಳೆ ಬೀಜದ ಸಾರ ತೆಗೆದು ಏನೇ ಪ್ರಯೋಗ ಮಾಡಿ, ಆ ಬೀಜ ಯಾವ ಮರದ್ದೆಂದು ತೋರಿಸಲು ವೋಚರ್ ಇಲ್ಲದಿದ್ದರೆ ಮುಂದೆ ಯಾರೂ ಅದನ್ನು ಪರೀಕ್ಷಿಸಿ ನೋಡಲಾಗದು. ಪ್ರಬಂಧ ಕಳಿಸಿದ ಮೇಲೆ ಪತ್ರಿಕೆಯವರು ವೋಚರ್ ಸಂಖ್ಯೆ ಕೇಳಿದಾಗ ಪರದಾಡುವವರು ಬಹಳ. ಅಷ್ಟು ಹೊತ್ತಿಗೆ ಹೂವಿನ ಕಾಲ ಮುಗಿದಿರುತ್ತದೆ.

ಇಲ್ಲಿ ಹೇಳುವುದು ನೇರಳೆಯನ್ನು ಮುಂದಿಟ್ಟುಕೊಂಡು. ಅದೇ ಮಿರ್ಟೇಸೀ ಕುಟುಂಬದ ಪೇರಳೆ, ಲವಂಗ, ನೀಲಗಿರಿ, ಬಾಟಲ್‌ಬ್ರಷ್‌ಗಳಿಗೂ ಬಹುಪಾಲು ಹೊಂದುತ್ತದೆ.

ಮೊದಲೇ ಜೋಡಿಸಿಕೊಳ್ಳಬೇಕಾದದ್ದು

ಸುಮಾರು 45 × 30 ಸೆಂ.ಮೀ. ಅಳತೆಯ ಎರಡು ಮರದ ಚೌಕಟ್ಟು ಅಥವಾ ಪ್ಲೈವುಡ್ ಹಲಗೆ, ಬಿಗಿಯಲು ಎರಡು ಪಟ್ಟಿ. ಹಳೆಯ ದಿನಪತ್ರಿಕೆ ಧಾರಾಳವಾಗಿರಲಿ. ನುಣುಪು ಕಾಗದದ ವಾರಪತ್ರಿಕೆ ನೀರು ಹೀರುವುದಿಲ್ಲ, ಬೇಡ. ಬ್ಲಾಟಿಂಗ್ ಕಾಗದ, ರಟ್ಟಿನ ಪೆಟ್ಟಿಗೆಯಿಂದ ಕತ್ತರಿಸಿದ ಅಲೆಅಲೆ ರಟ್ಟು, ಸಿಕೇಚರ್ ಎಂಬ ಕೊಂಬೆ ಕತ್ತರಿ, ಎತ್ತರದ ಕೊಂಬೆಗೆ ತುದಿಯಲ್ಲಿ ಕತ್ತಿ ಕಟ್ಟಿದ ದೋಟಿ. 10 ಪಟ್ಟು ಹಿಗ್ಗಿಸುವ ಕೈಮಸೂರ, ಮಿಲಿಮೀಟರ್ ಗುರುತಿನ ಅಳತೆಪಟ್ಟಿ, ದಾರ ಕಟ್ಟಿದ ಚೀಟಿಗಳು, ಪೆನ್ಸಿಲ್, ಗಟ್ಟಿ ರಟ್ಟಿನ ನೋಟ್‌ಬುಕ್. ಹೂವಿಗೆ ಬಿಗಿ ಮುಚ್ಚಳದ ಚಿಕ್ಕ ಬಾಟಲಿ ಮತ್ತು 70 ಶೇಕಡಾ ಎಥನಾಲ್. ಡಿಎನ್‌ಎ ಕೆಲಸ ಇದ್ದರೆ ಜಿಪ್ ಚೀಲ ಮತ್ತು ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್.

70 ಶೇಕಡಾ ಎಥನಾಲ್ ಮಾಡಿಕೊಳ್ಳಲು 95 ಶೇಕಡಾ ಎಥನಾಲನ್ನು 74 ಮಿ.ಲೀ. ಅಳೆದು, ಬಟ್ಟಿ ಇಳಿಸಿದ ನೀರು ಸೇರಿಸಿ ಒಟ್ಟು 100 ಮಿ.ಲೀ. ಮಾಡಿ. ಔಷಧ ಅಂಗಡಿಯ ಸ್ಯಾನಿಟೈಸರಿನಲ್ಲಿ ಗ್ಲಿಸರಿನ್, ಸುವಾಸನೆ ಎಲ್ಲ ಬೆರೆತಿರುತ್ತದೆ. ಅದರಲ್ಲಿ ಹೂ ಹಾಕಬೇಡಿ.

1. ಅನುಮತಿ

ನಿಮ್ಮ ತೋಟದ ಮರವಾದರೆ ತಕರಾರಿಲ್ಲ. ಬೇರೆಯವರ ಜಮೀನಾದರೆ ಒಂದು ಮಾತು ಕೇಳಿ. ಮೀಸಲು ಅರಣ್ಯ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಕೊಂಬೆಯನ್ನೂ ಮುರಿಯಬಾರದು. ಅರ್ಜಿಗೆ ತಿಂಗಳುಗಳೇ ಹಿಡಿಯಬಹುದು. ಹೂವಿನ ಕಾಲಕ್ಕೆ ಆರು ತಿಂಗಳು ಮೊದಲೇ ಹಾಕಿ. ಅರ್ಜಿಯಲ್ಲಿ ಪ್ರಭೇದ, ಸ್ಥಳ, ಎಷ್ಟು ಮರದಿಂದ ಎಷ್ಟು ಕೊಂಬೆ ಎಂಬುದನ್ನು ಅಂಕಿಯಲ್ಲಿ ಬರೆದರೆ ಕೆಲಸ ಬೇಗ ಆಗುತ್ತದೆ. ‘ಅಗತ್ಯವಿದ್ದಷ್ಟು’ ಎಂದು ಬರೆದ ಅರ್ಜಿ ವಿವರಣೆ ಕೇಳಿ ಹಿಂದಕ್ಕೆ ಬರುವ ಸಂಭವವೇ ಹೆಚ್ಚು.

ವಿದೇಶದ ವಿಶ್ವವಿದ್ಯಾಲಯದಲ್ಲಿ ಓದುತ್ತ, ಊರಿಗೆ ಬಂದಾಗ ಒಂದಿಷ್ಟು ಎಲೆ ಒಯ್ಯೋಣ ಎಂದುಕೊಂಡವರಿಗೆ ಬೇರೆಯೇ ಎಚ್ಚರಿಕೆ. ಸಂಶೋಧನೆಗಾಗಿ ಸಸ್ಯದ ಮಾದರಿಯನ್ನು ದೇಶದ ಹೊರಗೆ ಸಾಗಿಸುವುದು 2002ರ ಜೀವವೈವಿಧ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ನೋಡಿಯೇ ಮುಂದುವರಿಯಿರಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಇರುವವರಿಗೆ ಇನ್ನೊಂದು ತೊಡಕಿದೆ. ಈ ಕುಟುಂಬಕ್ಕೇ ಅಂಟುವ ಮರ್ಟಲ್ ರಸ್ಟ್ ಎಂಬ ತುಕ್ಕುರೋಗ 2010ರಲ್ಲಿ ಆಸ್ಟ್ರೇಲಿಯಾದಲ್ಲೂ 2017ರಲ್ಲಿ ನ್ಯೂಜಿಲೆಂಡ್‌ನಲ್ಲೂ ಕಾಣಿಸಿಕೊಂಡಿತು. ಎಳೆ ಎಲೆಗಳ ಮೇಲೆ ಅರಿಸಿನ ಚೆಲ್ಲಿದಂಥ ಪುಡಿ ಅದರ ಗುರುತು. ಆ ಪುಡಿ ಬಟ್ಟೆಗೆ ಹತ್ತಿಕೊಂಡೂ ಹರಡುತ್ತದೆ. ಕಂಡರೆ ಮುಟ್ಟದೆ ಫೋಟೋ ತೆಗೆದು ಅಲ್ಲಿಯ ಕೃಷಿ ಇಲಾಖೆಗೆ ತಿಳಿಸಿ.

2. ಇದು ಈ ಕುಟುಂಬದ್ದೇ ಎಂದು ಖಾತ್ರಿ ಮಾಡಿಕೊಳ್ಳಿ

ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿಯಿರಿ. ಸೂಜಿಯಿಂದ ಚುಚ್ಚಿದಂತೆ ಬೆಳಕು ತೂರುವ ಸಣ್ಣ ಚುಕ್ಕೆಗಳು ಕಾಣಬೇಕು. ಇವು ಎಣ್ಣೆಯ ಗ್ರಂಥಿಗಳು. ಮಸೂರ ಇಟ್ಟರೆ ಸ್ಪಷ್ಟ. ದಪ್ಪನೆಯ ಹಳೆ ಎಲೆಯಲ್ಲಿ ಕಾಣದಿದ್ದರೆ ಚಿಗುರಿನ ಕೆಳಗಿನ ಜೋಡಿಯನ್ನು ನೋಡಿ. ಆಮೇಲೆ ಎಲೆ ಹಿಸುಕಿ ಮೂಸಿ, ಘಮ ಬರಬೇಕು. ಮೂರನೆಯದು ಅಂಚುನರ: ಪಕ್ಕದ ನರಗಳು ಎಲೆಯ ಅಂಚು ಮುಟ್ಟುವ ಮೊದಲೇ ಒಂದಕ್ಕೊಂದು ಕೂಡಿ, ಅಂಚಿಗೆ ಸಮನಾಗಿ ಇನ್ನೊಂದು ಗೆರೆ ಎಳೆದಂತೆ ಓಡುತ್ತವೆ. ಎಲೆಗಳು ಎದುರುಬದುರು, ಅಂಚು ಗರಗಸದಂತಿಲ್ಲದೆ ನುಣುಪು. ಹೂವಿದ್ದರೆ ಬಿಳಿ ಕುಂಚದಂತೆ ಅಸಂಖ್ಯ ಕೇಸರ, ಅಂಡಾಶಯ ದಳಗಳ ಕೆಳಗೆ.

ಒಂದೇ ಲಕ್ಷಣ ನೋಡಿ ತೀರ್ಮಾನಿಸಿದರೆ ಮೋಸಹೋಗುತ್ತೀರಿ. ಚುಕ್ಕೆ ಮತ್ತು ಘಮ ನಿಂಬೆಯ ಕುಟುಂಬಕ್ಕೂ ಇದೆ. ಆದರೆ ಅಲ್ಲಿ ಬಹುಪಾಲು ಎಲೆ ಒಂದಾದ ಮೇಲೊಂದು, ಹಲವದರಲ್ಲಿ ಬಿಡಿ ಎಲೆಗಳು ಕೂಡಿದ ಸಂಯುಕ್ತ ಎಲೆ. ಸುರಹೊನ್ನೆಯ ನರಗಳು ನೇರಳೆಗಿಂತಲೂ ಒತ್ತೊತ್ತಾಗಿ, ಎದುರುಬದುರು ಎಲೆಯೂ ಸೇರಿ ಪಕ್ಕಾ ನೇರಳೆಯಂತೆ ಕಾಣುತ್ತವೆ. ತೊಟ್ಟು ಮುರಿದು ನೋಡಿ, ಹಾಲು ಜಿನುಗಿದರೆ ನೇರಳೆಯಲ್ಲ. ಮುರುಗಲಿನ ಬಳಗಕ್ಕೂ ಅಷ್ಟೇ, ಅಲ್ಲಿ ಅರಿಸಿನ ಬಣ್ಣದ ಅಂಟು. ಕೊಂಬೆಗೇ ಅಂಟಿಕೊಂಡು ನೀಲಿ ಹೂಗೊಂಚಲು ಬಿಡುವ ಮೆಮೆಸಿಲಾನ್ ಪೊದೆಗಳೂ ದಾರಿ ತಪ್ಪಿಸುತ್ತವೆ. ಅವುಗಳ ಎಲೆಯಲ್ಲಿ ಚುಕ್ಕೆ ಇಲ್ಲ, ಹೂವಿನಲ್ಲಿ ಎಂಟೇ ಕೇಸರ. ಇನ್ನು ನೀಲಗಿರಿ ಮರ ಕುಟುಂಬದ ಒಳಗಿದ್ದೂ ನಿಯಮ ಮುರಿಯುತ್ತದೆ. ಸಸಿಯಲ್ಲಿ ಎಲೆ ಎದುರುಬದುರಾದರೆ ಬೆಳೆದ ಮರದಲ್ಲಿ ಒಂದಾದ ಮೇಲೊಂದು.

3. ಯಾವಾಗ, ಯಾವ ಕೊಂಬೆ

ನಾಡಿನ ನೇರಳೆ ಯುಗಾದಿಯ ಹಿಂದುಮುಂದಿನಲ್ಲಿ ಹೂ ಬಿಟ್ಟು ಕಾರಹುಣ್ಣಿಮೆಯ ಹೊತ್ತಿಗೆ ಹಣ್ಣಾಗುತ್ತದೆ. ಊರಿಂದ ಊರಿಗೆ ಕೆಲವು ವಾರಗಳ ವ್ಯತ್ಯಾಸ ಇದ್ದದ್ದೇ. ಒಂದೇ ಮರಕ್ಕೆ ಎರಡು ಸಲ ಹೋಗುವುದು ಒಳ್ಳೆಯದು. ಮೊದಲ ಸಲ ಮೊಗ್ಗು ಮತ್ತು ಹೂವಿಗೆ, ಎರಡನೆಯ ಸಲ ಹಣ್ಣಿಗೆ. ಮರಕ್ಕೆ ಗುರುತು ಹಾಕಲು ಮೊಳೆ ಹೊಡೆಯಬೇಡಿ, ದಾರ ಕಟ್ಟಿ.

ಬೆಳಿಗ್ಗೆಯೇ ಹೋಗಿ. ನೇರಳೆ ಹೂವಿನ ದಳಗಳು ಒಂದಕ್ಕೊಂದು ಅಂಟಿಕೊಂಡು ಟೊಪ್ಪಿಗೆಯಂತೆ ಒಟ್ಟಿಗೇ ಕಳಚಿ ಬೀಳುತ್ತವೆ. ಕೇಸರಗಳೂ ಬೇಗ ಉದುರುತ್ತವೆ. ಟೊಪ್ಪಿಗೆ ಇದೆಯೋ, ದಳಗಳು ಬಿಡಿಬಿಡಿಯಾಗಿ ಅರಳುತ್ತವೆಯೋ ಎಂಬುದೇ ಗುರುತಿಸಲು ಮುಖ್ಯ ಲಕ್ಷಣ. ಮಧ್ಯಾಹ್ನದ ಮೇಲೆ ತಂದ ಕೊಂಬೆಯಲ್ಲಿ ಬರೀ ಬಟ್ಟಲು ಉಳಿದಿರುತ್ತದೆ, ಆಗ ಆ ಪ್ರಶ್ನೆಗೆ ಉತ್ತರವಿಲ್ಲ. ಹಾಗಾಗಿ ಬಲಿತ ಮೊಗ್ಗು, ಅರಳಿದ ಹೂ, ಎಳೆಗಾಯಿ ಮೂರೂ ಇರುವ ಗೊಂಚಲನ್ನೇ ಹುಡುಕಿ.

ಕತ್ತರಿಸುವಾಗ ಗೊಂಚಲಷ್ಟೇ ಸಾಲದು. ಗೊಂಚಲು ಎಲ್ಲಿಂದ ಹುಟ್ಟಿದೆ ಎಂಬುದು ಕಾಣುವಂತೆ 25ರಿಂದ 35 ಸೆಂ.ಮೀ. ಕೊಂಬೆ ಬೇಕು. ನಾಡಿನ ನೇರಳೆಯಲ್ಲಿ ಗೊಂಚಲು ಬರುವುದು ಹೆಚ್ಚಾಗಿ ಎಲೆ ಉದುರಿದ ಹಳೆಕೊಂಬೆಯ ಮೇಲೆ, ಈಗಿನ ಎಲೆಗಳಿಗಿಂತ ಕೆಳಗೆ. ಕುಂಟುನೇರಳೆಯಲ್ಲಿ ಬರುವುದು ಕೊಂಬೆಯ ತುದಿಯಲ್ಲಿ. ಎಲೆತುದಿಯನ್ನಷ್ಟೇ ಚಿವುಟಿ ತಂದರೆ ಈ ವ್ಯತ್ಯಾಸ ಮರದಲ್ಲೇ ಉಳಿದುಬಿಡುತ್ತದೆ. ನೆರಳಿನಲ್ಲಿ ಬೆಳೆದ ಎಲೆ, ಬುಡದಿಂದ ಎದ್ದ ಚಿಗುರಿನ ಎಲೆ ಬೇಡ. ಅವು ಅಳತೆ ಮೀರಿ ದೊಡ್ಡವಾಗಿರುತ್ತವೆ. ಹುಳ ತಿಂದ ಎಲೆಯೂ ಬೇಡ ಎಂದು ಕೆಲವರು ಆರಿಸುತ್ತಾರೆ. ಅಷ್ಟು ಚಂದ ನೋಡಬೇಕಿಲ್ಲ, ಎಲೆತುದಿ ಮುರಿಯದೆ ಇದ್ದರೆ ಸಾಕು.

ಒಂದೇ ಮರದಿಂದ ನಾಲ್ಕೈದು ಕೊಂಬೆ. ಅಷ್ಟಕ್ಕೂ ಒಂದೇ ಸಂಖ್ಯೆ. ಒಂದು ನಿಮ್ಮ ಕಾಲೇಜಿಗೆ, ಒಂದು ದೊಡ್ಡ ಹರ್ಬೇರಿಯಂಗೆ, ಒಂದು ಪರಿಣತರಿಗೆ ಕಳಿಸಲು. ಅತಿ ಹೆಚ್ಚು ಕಾಣುವ ತಪ್ಪು ನಡೆಯುವುದೂ ಇಲ್ಲೇ: ಪಕ್ಕದ ಮರವೂ ನೇರಳೆಯೇ ಎಂದುಕೊಂಡು ಎರಡು ಮರಗಳ ಕೊಂಬೆಗೆ ಒಂದೇ ಸಂಖ್ಯೆ ಕೊಡುವುದು. ಮರ ಬದಲಾದರೆ ಸಂಖ್ಯೆಯೂ ಬದಲಾಗಬೇಕು.

ಜೌಗಿನಲ್ಲಿ ನೇರಳೆ ಜಾತಿಯ ಮರ ಕಂಡರೆ ಕತ್ತರಿ ತೆಗೆಯುವ ಮೊದಲು ನಿಲ್ಲಿ. ಅಳಿವಿನಂಚಿನಲ್ಲಿರುವ ಸಿಜಿಜಿಯಂ ಟ್ರಾವಂಕೊರಿಕಂ ಇರುವುದು ಇಂಥ ಕಡೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗುಕಾಡು ಅದರ ನೆಲೆಗಳಲ್ಲೊಂದು. ಇಂಥ ಮರದಿಂದ ಒಂದೇ ಚಿಕ್ಕ ಕೊಂಬೆ, ಅದೂ ಅನುಮತಿಯಲ್ಲಿ ಹೆಸರು ಇದ್ದರೆ ಮಾತ್ರ. ಬಿದ್ದ ಹಣ್ಣನ್ನೂ ಹೆಕ್ಕಬೇಡಿ, ಅದು ಮುಂದಿನ ಸಸಿ.

4. ಮರದ ಕೆಳಗೇ ಬರೆಯಿರಿ

ಒಣಗಿದ ಮೇಲೆ ಕಾಣದೆ ಹೋಗುವುದನ್ನೆಲ್ಲ ಅಲ್ಲಿಯೇ ಬರೆದುಕೊಳ್ಳಬೇಕು. ಮರದ ಎತ್ತರ, ಎದೆಮಟ್ಟದ ಸುತ್ತಳತೆ (ನೆಲದಿಂದ 1.3 ಮೀಟರ್ ಎತ್ತರದಲ್ಲಿ), ತೊಗಟೆಯ ಬಣ್ಣ, ಅದು ಚಕ್ಕೆಯಾಗಿ ಏಳುತ್ತದೆಯೋ ನುಣುಪೋ, ಚಿಗುರಿನ ಬಣ್ಣ, ಕೇಸರದ ಬಣ್ಣ, ಹಣ್ಣಿನ ಆಕಾರ, ಬಣ್ಣ, ರುಚಿ, ವಾಸನೆ. ಎಳೆಕೊಂಬೆ ಉರುಟೋ ನಾಲ್ಕು ಮೂಲೆಯದೋ ಎಂದು ಬೆರಳಿನಲ್ಲಿ ಉರುಳಿಸಿ ನೋಡಿ. ಒತ್ತಿ ಒಣಗಿಸಿದಾಗ ಉರುಟಾದದ್ದೂ ಸುಕ್ಕಾಗಿ ಮೂಲೆಮೂಲೆಯಾಗುತ್ತದೆ, ಆಮೇಲೆ ತಿಳಿಯದು.

ಜಾಗದ ವಿವರ ‘ಶಿರಸಿ ಹತ್ತಿರ’ ಎಂದಿದ್ದರೆ ಉಪಯೋಗವಿಲ್ಲ. ಜಿಲ್ಲೆ, ತಾಲ್ಲೂಕು, ಊರು, ಯಾವ ರಸ್ತೆ, ಹಳ್ಳದ ಯಾವ ದಂಡೆ, ಸಮುದ್ರಮಟ್ಟದಿಂದ ಎತ್ತರ, ಮತ್ತು ಮೊಬೈಲಿನ ಜಿಪಿಎಸ್ ತೋರಿಸುವ ಅಕ್ಷಾಂಶ ರೇಖಾಂಶ, ದಶಮಾಂಶದ ಬಳಿಕ ನಾಲ್ಕು ಅಂಕಿಯವರೆಗೆ. ನಾಲ್ಕು ಅಂಕಿ ಎಂದರೆ ಸುಮಾರು 11 ಮೀಟರಿನ ನಿಖರತೆ, ಮರ ಮತ್ತೆ ಸಿಗಲು ಸಾಕು. ಕರ್ನಾಟಕದಲ್ಲಿ ಅಕ್ಷಾಂಶ 11ರಿಂದ 18ರ ಆಸುಪಾಸು, ರೇಖಾಂಶ 74ರಿಂದ 78ರ ಆಸುಪಾಸು. ಎರಡನ್ನೂ ಅದಲುಬದಲು ಬರೆದರೆ ನಿಮ್ಮ ನೇರಳೆ ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿ ಬೆಳೆದಂತಾಗುತ್ತದೆ. ಅಪರೂಪದ ಪ್ರಭೇದವಾದರೆ ನಿಖರ ಜಾಗ ಹರ್ಬೇರಿಯಂ ಚೀಟಿಯಲ್ಲಿ ಇರಲಿ, ಎಲ್ಲರೂ ನೋಡುವ ಕಡೆ ಹಾಕಬೇಡಿ.

ಊರಿನವರ ಹೆಸರನ್ನು ಅವರು ಹೇಳಿದಂತೆಯೇ ಬರೆಯಿರಿ. ಕುಂಟುನೇರಳೆಗೆ ಕರಾವಳಿಯಲ್ಲಿ ಕುಂಟಾಲ ಎನ್ನುತ್ತಾರೆ. ಪನ್ನೇರಳೆ ಎಂದರೆ ಪನ್ನೀರಿನ ಪರಿಮಳದ ಹಣ್ಣಿನ ಸಿಜಿಜಿಯಂ ಜಾಂಬೋಸ್. ಹೆಸರಿನಲ್ಲಿ ನೇರಳೆ ಇದ್ದರೂ ಹಣ್ಣು ನೇರಳೆ ಬಣ್ಣದ್ದಲ್ಲ. ಹಾಗಾಗಿ ಹಳ್ಳಿಯ ಹೆಸರು ಸುಳಿವು ಮಾತ್ರ. ಅದನ್ನೇ ನಂಬಿ ವೈಜ್ಞಾನಿಕ ಹೆಸರು ಬರೆಯಬೇಡಿ.

ಬರೆಯುವುದು ಪೆನ್ಸಿಲಿನಲ್ಲೇ. ಜೆಲ್ ಪೆನ್ನಿನ ಶಾಯಿ ಮಳೆಗೂ ಸ್ಪಿರಿಟ್ಟಿಗೂ ಕರಗಿಹೋಗುತ್ತದೆ. ನೋಟ್‌ಬುಕ್ಕಿನ ಸಂಖ್ಯೆ ಮತ್ತು ಕೊಂಬೆಗೆ ಕಟ್ಟಿದ ಚೀಟಿಯ ಸಂಖ್ಯೆ ಒಂದೇ ಇರಬೇಕು, ಮತ್ತು ಜೀವಮಾನಕ್ಕೊಂದೇ ಸರಣಿ. ವರ್ಷ ಬದಲಾಯಿತೆಂದು ಮತ್ತೆ 1ರಿಂದ ಆರಂಭಿಸಿದರೆ ಒಂದೇ ಸಂಖ್ಯೆಯ ಎರಡು ಗಿಡಗಳಾಗುತ್ತವೆ.

5. ಹೂ ಬಾಟಲಿಗೆ, ಎಲೆ ಸಿಲಿಕಾಕ್ಕೆ

ಐದಾರು ಹೂ, ಐದಾರು ಮೊಗ್ಗನ್ನು 70 ಶೇಕಡಾ ಎಥನಾಲಿಗೆ ಹಾಕಿ. ಪೆನ್ಸಿಲಿನಲ್ಲಿ ಸಂಖ್ಯೆ ಬರೆದ ಚೀಟಿ ಬಾಟಲಿಯ ಒಳಗೇ ಇರಲಿ, ಹೊರಗೆ ಅಂಟಿಸಿದ್ದು ಕಳಚುತ್ತದೆ. ಅಂಗರಚನೆ ನೋಡಲು ತೆಳುಪದರ ಕತ್ತರಿಸುವವರಿಗೆ ಎಫ್‌ಎಎ ಎಂಬ ದ್ರಾವಣ ಮೇಲು: 70 ಶೇಕಡಾ ಎಥನಾಲ್ 90 ಮಿ.ಲೀ., ಫಾರ್ಮಾಲಿನ್ 5 ಮಿ.ಲೀ., ಗ್ಲೇಷಿಯಲ್ ಅಸಿಟಿಕ್ ಆಮ್ಲ 5 ಮಿ.ಲೀ. ಒಂದೆರಡು ದಿನ ಅದರಲ್ಲಿಟ್ಟು ಎಥನಾಲಿಗೆ ವರ್ಗಾಯಿಸಿ. ಫಾರ್ಮಾಲಿನ್ ಕಣ್ಣು, ಉಸಿರಿಗೆ ಕೆಟ್ಟದ್ದು. ಕೈಗವಸು ಹಾಕಿ, ಪ್ರಯೋಗಾಲಯದ ಹೊಗೆಗೂಡಿನಲ್ಲೇ (ಫ್ಯೂಮ್ ಹುಡ್) ಬೆರೆಸಿ, ಮನೆಯಲ್ಲಲ್ಲ. ಎಫ್‌ಎಎಯಲ್ಲಿ ಮುಳುಗಿಸಿದ ಎಲೆ ಡಿಎನ್‌ಎಗೆ ಒದಗುವುದಿಲ್ಲ.

ಡಿಎನ್‌ಎಗಾಗಿ ಚಿಗುರಿಗಿಂತ ಒಂದು ಹಂತ ಬಲಿತ, ಇನ್ನೂ ಮೆತ್ತಗಿರುವ ಎಲೆ ಆರಿಸಿ. ಅದನ್ನು ಅಂಚೆಚೀಟಿ ಗಾತ್ರಕ್ಕೆ ಹರಿದು, ಎಲೆಯ ತೂಕದ ಹತ್ತು ಪಟ್ಟು ಸಿಲಿಕಾ ಜೆಲ್ ಜತೆ ಚೀಲಕ್ಕೆ ಹಾಕಿ. ಒಂದು ಹಗಲು ರಾತ್ರಿಯಲ್ಲಿ ಪಟ್ಟನೆ ಮುರಿಯುವಷ್ಟು ಒಣಗಬೇಕು. ಜೆಲ್ ಬಣ್ಣ ಬದಲಿಸಿದರೆ ಹೊಸದು ಹಾಕಿ. ನೀಲಿ ಬಣ್ಣದ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದು ಕೊಳ್ಳುವುದು ವಾಸಿ. ನೇರಳೆ ಎಲೆಯಲ್ಲಿ ಒಗರು ಪದಾರ್ಥ ಜಾಸ್ತಿ. ನಿಧಾನ ಒಣಗಿದರೆ ಎಲೆ ಕಂದಾಗುತ್ತದೆ, ಮುಂದೆ ಡಿಎನ್‌ಎಯ ಗಸಿಯೂ ಕಂದಾಗುತ್ತದೆ, ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ನಡೆಯುವುದಿಲ್ಲ. ಸಿಟಿಎಬಿ ಎಂಬ ಮಾರ್ಜಕ ಬಳಸುವ ವಿಧಾನದಲ್ಲಿ ಡಿಎನ್‌ಎ ತೆಗೆಯುವವರು ದ್ರಾವಣಕ್ಕೆ 1ರಿಂದ 2 ಶೇಕಡಾ ಪಿವಿಪಿ ಎಂಬ ಪಾಲಿಮರ್ ಸೇರಿಸುವುದು ಇದೇ ಕಾರಣಕ್ಕೆ. ಅದು ಒಗರನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಸಿ ಆದರೂ ಕಂದಾಗಿದ್ದರೆ ಎಲೆ ಕಡಿಮೆ ಮಾಡಿ, ದ್ರಾವಣ ಹೆಚ್ಚು ಮಾಡಿ ನೋಡಿ. ‘ಡಿಎನ್‌ಎ ಬರಲಿಲ್ಲ’ ಎಂದು ಇನ್ನಷ್ಟು ಎಲೆ ಅರೆದು ಹಾಕುವುದು ಉಲ್ಟಾ ಕೆಲಸ.

6. ಒತ್ತುವುದು, ಒಣಗಿಸುವುದು

ಕೊಂಬೆ ಬಾಡುವ ಮೊದಲು, ಆದಷ್ಟು ಮರದ ಕೆಳಗೇ, ಪತ್ರಿಕೆಯ ಮಡಿಕೆಯೊಳಗೆ ಹರಡಿ. ಎಲ್ಲ ಎಲೆಗಳೂ ಮುಖ ತೋರಿಸುತ್ತಿದ್ದರೆ ಒಂದೆರಡನ್ನು ಬೆನ್ನು ಮೇಲಾಗಿ ತಿರುಗಿಸಿ. ಕೆಳಮೈಯ ನರ, ಚುಕ್ಕೆ ನೋಡಬೇಕಾಗುತ್ತದೆ, ಅಂಟಿಸಿದ ಮೇಲೆ ತಿರುಗಿಸಲಾಗದು. ದಟ್ಟವಾಗಿದ್ದರೆ ಕೆಲವು ಎಲೆ ಕತ್ತರಿಸಿ, ತೊಟ್ಟಿನ ಬುಡ ಮಾತ್ರ ಬಿಡಿ. ಅಲ್ಲಿ ಎಲೆ ಇತ್ತೆಂದು ಮುಂದೆ ನೋಡುವವರಿಗೆ ತಿಳಿಯಬೇಕು. ಮೇಲೆ ಬ್ಲಾಟಿಂಗ್ ಕಾಗದ, ಅದರ ಮೇಲೆ ಅಲೆರಟ್ಟು, ಮತ್ತೆ ಇನ್ನೊಂದು ಮಡಿಕೆ. ಹೀಗೆ ಅಡಕಿ ಪಟ್ಟಿ ಬಿಗಿಯಿರಿ. ಮೊಣಕಾಲಿನಿಂದ ಒತ್ತಿ ಎಳೆದಷ್ಟು ಬಿಗಿ ಬೇಕು. ಸಡಿಲವಾದರೆ ಎಲೆ ಸುಕ್ಕುಗಟ್ಟುತ್ತದೆ.

ಮರುದಿನ ಬಿಚ್ಚಿ. ಎಲೆ ಮೆತ್ತಗಾಗಿರುತ್ತದೆ, ಮಡಿಸಿಕೊಂಡದ್ದನ್ನು ಬಿಡಿಸಲು ಒಂದೇ ಅವಕಾಶ ಇದು. ಆಮೇಲೆ ದಿನಕ್ಕೊಮ್ಮೆ ಒದ್ದೆ ಕಾಗದ ಬದಲಿಸಿ. ಬೇಸಿಗೆಯಲ್ಲಿ ಒಂದು ವಾರ, ಹತ್ತು ದಿನ. ಎಲೆ ಕೆನ್ನೆಗೆ ಇಟ್ಟರೆ ತಣ್ಣಗೆ ಅನ್ನಿಸಿದರೆ ಇನ್ನೂ ನೀರಿದೆ.

ನೇರಳೆ ಗುಂಪಿನಲ್ಲಿ ಎದುರಾಗುವ ಮುಖ್ಯ ತೊಂದರೆ ಎಲೆ ಉದುರುವುದು. ಕತ್ತರಿಸಿದ ಕೊಂಬೆಗೆ ಜೀವ ಇನ್ನೂ ಇರುತ್ತದೆ. ನಿಧಾನ ಒಣಗಿದರೆ ಮರದ ಮೇಲೆ ಉದುರಿಸುವಂತೆಯೇ ತೊಟ್ಟಿನ ಬುಡದಲ್ಲಿ ಪದರ ಕಟ್ಟಿ ಎಲೆಯನ್ನು ಉದುರಿಸುತ್ತದೆ. ಹತ್ತು ದಿನದ ಮೇಲೆ ಬಿಚ್ಚಿದರೆ ಒಂದು ಕಡ್ಡಿ, ಒಂದು ಹಿಡಿ ಎಲೆ. ತಡೆಯಲು ಎರಡು ದಾರಿ. ಒತ್ತುವ ಮೊದಲು ಎಲೆಭಾಗವನ್ನು ಕುದಿಯುವ ನೀರಿಗೆ ಕೆಲವು ಸೆಕೆಂಡು ಅದ್ದಿ ತೆಗೆದು, ನೀರು ಒರೆಸಿ ಒತ್ತುವುದು. ಅಥವಾ ಮೊದಲ ದಿನದಿಂದಲೇ ಬಿಸಿಗಾಳಿಯಲ್ಲಿ ಬೇಗ ಒಣಗಿಸುವುದು. ಅದ್ದುವಾಗ ಹೂವನ್ನು ಹೊರಗಿಡಿ, ಕೇಸರ ಕಳಚುತ್ತದೆ. ಡಿಎನ್‌ಎಯ ಎಲೆಯನ್ನು ಅದ್ದುವ ಮೊದಲೇ ತೆಗೆದಿಟ್ಟಿರಬೇಕು.

ಬಿಸಿಗಾಳಿ 45ರಿಂದ 50 ಡಿಗ್ರಿ ಸೆಲ್ಸಿಯಸ್ ಸಾಕು. ಬೇಗ ಆಗಲಿ ಎಂದು 70ಕ್ಕೆ ಏರಿಸಿದರೆ ಎಲೆ ಹಪ್ಪಳವಾಗುತ್ತದೆ, ಎಣ್ಣೆ ಹಾರಿಹೋಗುತ್ತದೆ, ಬಣ್ಣ ಕಪ್ಪಾಗುತ್ತದೆ. ಅಲೆರಟ್ಟಿನ ಕೊಳವೆಗಳು ಗಾಳಿ ಬರುವ ದಿಕ್ಕಿಗೇ ಇರಬೇಕು. ಅಡ್ಡ ಇಟ್ಟರೆ ರಟ್ಟು ಇದ್ದೂ ಇಲ್ಲದಂತೆ.

ಮಳೆಗಾಲದ ಮಲೆನಾಡಿನಲ್ಲಿ ಇದ್ಯಾವುದೂ ನಡೆಯದು, ಎರಡೇ ದಿನದಲ್ಲಿ ಬೂಸಲು ಹಿಡಿಯುತ್ತದೆ. ಆಗ ಪತ್ರಿಕೆಯ ಮಡಿಕೆಗಳನ್ನು ಕಟ್ಟಾಗಿ ಕಟ್ಟಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ, ಕಾಗದ ನೆನೆಯುವಷ್ಟು 70 ಶೇಕಡಾ ಎಥನಾಲ್ ಸುರಿದು ಬಿಗಿಯಾಗಿ ಮುಚ್ಚಿ. ವಾರಗಟ್ಟಲೆ ಕೆಡುವುದಿಲ್ಲ. ಊರಿಗೆ ಬಂದ ಮೇಲೆ ಒಣಗಿಸಿಕೊಳ್ಳಬಹುದು. ಎಲೆ ಕಪ್ಪಾಗುತ್ತದೆ, ಆಕಾರ ಮಾತ್ರ ಚೆನ್ನಾಗಿ ಉಳಿಯುತ್ತದೆ. ಹತ್ತಿರದಲ್ಲಿ ಬೀಡಿ, ಒಲೆ ಬೇಡ.

ಹಣ್ಣು ಒತ್ತಿದರೆ ರಸ ಸೋರಿ ಪಕ್ಕದ ಮಾದರಿಗೂ ಬಣ್ಣ ಹತ್ತುತ್ತದೆ. ಒಂದನ್ನು ಉದ್ದಕ್ಕೆ, ಒಂದನ್ನು ಅಡ್ಡಕ್ಕೆ ಸೀಳಿ ಒಣಗಿಸಿ. ಎರಡು ಇಡಿಯಾಗಿ ಎಥನಾಲಿನಲ್ಲಿರಲಿ. ಉಳಿದದ್ದರ ಬೀಜ ತೆಗೆದು ಅದೇ ಸಂಖ್ಯೆಯ ಲಕೋಟೆಗೆ.

7. ಹುಳ ಸಾಯಿಸಿ, ಆಮೇಲೆ ಅಂಟಿಸಿ

ಹಳೆಯ ಪ್ರಾಯೋಗಿಕ ಪುಸ್ತಕಗಳಲ್ಲಿ ಮಾದರಿಯನ್ನು ಮರ್ಕ್ಯುರಿಕ್ ಕ್ಲೋರೈಡಿನಲ್ಲಿ ಅದ್ದಿ ಎಂದಿರುತ್ತದೆ. ಮಾಡಬೇಡಿ. ಅದು ಕಡುವಿಷ, ಹಾಳೆಯಿಂದ ಹಾಳೆಗೆ ಹತ್ತಿ ದಶಕಗಳ ಕಾಲ ಉಳಿಯುತ್ತದೆ. ಹಳೆ ಹರ್ಬೇರಿಯಂ ಹಾಳೆ ಮುಟ್ಟಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬಾರದೆನ್ನುವುದೂ ಇದಕ್ಕೇ. ಈಗಿನ ದಾರಿ ಶೈತ್ಯ. ಒಣಗಿದ ಮಾದರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಒಂದು ವಾರ. ಮನೆಯ ಫ್ರಿಜ್ಜಿನ ಫ್ರೀಜರಾದರೆ ಎರಡು ವಾರ ಬಿಡಿ. ಹೊರತೆಗೆದ ತಕ್ಷಣ ಚೀಲ ಬಿಚ್ಚಿದರೆ ಎಲೆಯ ಮೇಲೆ ಹನಿ ಕೂರುತ್ತದೆ. ಒಂದು ದಿನ ಮುಚ್ಚಿದಂತೆಯೇ ಇಟ್ಟು ಆಮೇಲೆ ಬಿಚ್ಚಿ. ನುಸಿಗುಳಿಗೆ ಹುಳವನ್ನು ದೂರ ಇಡಬಹುದೇ ಹೊರತು ಒಳಗಿರುವ ಮೊಟ್ಟೆ ಕೊಲ್ಲದು.

ಹಾಳೆ 42 × 28 ಸೆಂ.ಮೀ., ದಪ್ಪನೆಯ ಆಮ್ಲರಹಿತ ಕಾಗದ. ಮಾಮೂಲಿ ಡ್ರಾಯಿಂಗ್ ಹಾಳೆ ಕೆಲವೇ ವರ್ಷದಲ್ಲಿ ಹಳದಿಯಾಗಿ ಪುಡಿಯಾಗುತ್ತದೆ. ಬಿಳಿ ಅಂಟಿಗೆ ಸ್ವಲ್ಪ ನೀರು ಬೆರೆಸಿ ಎಲೆಯ ಬೆನ್ನಿಗೆ ತೆಳ್ಳಗೆ ಸವರಿ. ಕಡ್ಡಿಯನ್ನು ನೂಲಿನಿಂದ ಹಾಳೆಗೆ ಹೊಲಿಯಿರಿ. ಸೆಲೋಟೇಪು ಬೇಡವೇ ಬೇಡ. ಬಿಡಿ ಹೂ, ಉದುರಿದ ಎಲೆ, ಬೀಜಗಳಿಗೆ ಕಾಗದದ ಸಣ್ಣ ಲಕೋಟೆ ಮಾಡಿ ಅದೇ ಹಾಳೆಗೆ ಅಂಟಿಸಿ. ಕೆಳಗಿನ ಬಲಮೂಲೆ ಚೀಟಿಗೆ: ಕುಟುಂಬ, ಹೆಸರು, ಜಾಗ, ಎತ್ತರ, ಅಕ್ಷಾಂಶ ರೇಖಾಂಶ, ಪರಿಸರ, ಗಿಡದ ವಿವರ, ಊರಿನ ಹೆಸರು, ಸಂಗ್ರಹಿಸಿದವರು, ಸಂಖ್ಯೆ, ದಿನಾಂಕ, ಗುರುತಿಸಿದವರು. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. 5-4 ಎಂದರೆ ಏಪ್ರಿಲ್ ಐದೋ ಮೇ ನಾಲ್ಕೋ, ಹೂವಿನ ಕಾಲ ಲೆಕ್ಕ ಹಾಕುವವರಿಗೆ ಅದು ದೊಡ್ಡ ಗೊಂದಲ.

8. ಹೆಸರು ಹಿಡಿಯುವುದು

ಒಣ ಹೂವೊಂದನ್ನು ಬಿಸಿನೀರಿಗೆ ಪಾತ್ರೆ ತೊಳೆಯುವ ದ್ರಾವಣದ ಒಂದು ಹನಿ ಸೇರಿಸಿ ಐದರಿಂದ ಹತ್ತು ನಿಮಿಷ ನೆನೆಸಿ, ಸೂಜಿಯಿಂದ ಬಿಡಿಸಿ. ನೋಡಬೇಕಾದದ್ದು: ಹೂಬಟ್ಟಲಿನ ಉದ್ದ ಮತ್ತು ಆಕಾರ, ಪುಷ್ಪಪತ್ರದ ಹಾಲೆಗಳು ಎದ್ದು ಕಾಣುತ್ತವೆಯೋ ಅಂಚು ಸಪಾಟೋ, ದಳ ಟೊಪ್ಪಿಗೆಯೋ ಬಿಡಿಯೋ, ಕೇಸರದ ಉದ್ದ. ಎಲೆಯಲ್ಲಿ ತೊಟ್ಟಿನ ಉದ್ದ, ಪಕ್ಕದ ನರಗಳ ಅಂತರ, ಅಂಚುನರ ಅಂಚಿನಿಂದ ಎಷ್ಟು ಮಿ.ಮೀ. ಒಳಗೆ, ಒಂದೇ ಇದೆಯೋ ಎರಡೋ. ಒಂದು ಎಲೆಯಲ್ಲ, ಹತ್ತು ಎಲೆ ಅಳೆಯಿರಿ.

ಸಾಮಾನ್ಯವಾಗಿ ಸಿಗುವ ಕೆಲವು. ನಾಡಿನ ನೇರಳೆ, ಸಿಜಿಜಿಯಂ ಕ್ಯುಮಿನಿ: ನರಗಳು ಒತ್ತೊತ್ತು, ಹೂ ಪುಟ್ಟದು, ತೊಟ್ಟಿಲ್ಲದೆ ಕವಲ ತುದಿಯಲ್ಲಿ ಗುಂಪಾಗಿ, ಬಟ್ಟಲಿನ ಅಂಚು ಸಪಾಟು, ದಳ ಟೊಪ್ಪಿಗೆ. ಕುಂಟುನೇರಳೆ, ಸಿಜಿಜಿಯಂ ಕ್ಯಾರಿಯೊಫಿಲೇಟಂ: ಪೊದೆ ಅಥವಾ ಚಿಕ್ಕ ಮರ, ಎಲೆ ತುದಿಯ ಕಡೆ ಅಗಲ, ಬುಡ ಕಿರಿದು, ಗುಂಡನೆಯ ಸಣ್ಣ ಕಪ್ಪು ಹಣ್ಣು. ಸಿಜಿಜಿಯಂ ಜೆಲಾನಿಕಂ: ಎಲೆತುದಿ ಬಾಲದಂತೆ ಚೂಪು, ಹಣ್ಣು ಬಿಳಿ. ಎಲೆತುದಿ ಮುರಿದ ಮಾದರಿ ಬೇಡವೆಂದದ್ದು ಇಂಥವಕ್ಕಾಗಿಯೇ. ಪನ್ನೇರಳೆ: ಗೇಣುದ್ದದ ಕಿರಿದಾದ ಎಲೆ, ಅಂಗೈ ತುಂಬುವ ಹೂ, ಹಣ್ಣಿನ ಟೊಳ್ಳಿನಲ್ಲಿ ಗಿಲಕಿಯಂತೆ ಅಲ್ಲಾಡುವ ಬೀಜ. ತೋಟದ ವಾಟರ್ ಆಪಲ್, ಸಿಜಿಜಿಯಂ ಸಮರಂಗೆನ್ಸೆ: ಎಲೆಯ ಬುಡ ಹೃದಯದಾಕಾರ, ತೊಟ್ಟು ತೀರಾ ಗಿಡ್ಡ.

ಯೂಜೀನಿಯಾ ಕುಲದ ಗಿಡಗಳನ್ನು ನೇರಳೆಯ ಜತೆ ಬೆರೆಸುವುದು ಹಳೆ ಚಾಳಿ. 19ನೇ ಶತಮಾನದ ಸಸ್ಯಸಂಪುಟಗಳಲ್ಲಿ ನಮ್ಮ ನೇರಳೆಯೇ ಯೂಜೀನಿಯಾ ಜಾಂಬೊಲಾನಾ. ಅದಕ್ಕೂ ಮೊದಲು 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು ಮಿರ್ಟಸ್ ಕ್ಯುಮಿನಿ. 1912ರಲ್ಲಿ ಇನ್ನೊಬ್ಬ ಸಸ್ಯವಿಜ್ಞಾನಿ ಸ್ಕೀಲ್ಸ್ ಅದನ್ನು ಸಿಜಿಜಿಯಂಗೆ ತಂದರು. ಎರಡು ಕುಲಗಳು ಬೇರೆಯೇ ಎಂದು ಹೂವಿನ ಒಳರಚನೆಯ ಆಧಾರದಲ್ಲಿ 1972ರಲ್ಲಿ ರುಡಾಲ್ಫ್ ಶ್ಮಿಡ್ ವಾದಿಸಿದ ಮೇಲೆ ಗೊಂದಲ ಬಹುಮಟ್ಟಿಗೆ ತಿಳಿಯಾಯಿತು. ಹಾಗಾಗಿ ಹಳೆ ಸಂಶೋಧನೆ ಹುಡುಕುವಾಗ ಹಳೆಯ ಹೆಸರುಗಳನ್ನೂ ಹಾಕಿ ಹುಡುಕಿ, ಇಲ್ಲದಿದ್ದರೆ ಅರ್ಧ ಸಾಹಿತ್ಯವೇ ಕಣ್ಣಿಗೆ ಬೀಳದು. ಕೈಯಲ್ಲಿರುವುದನ್ನು ಬೇರ್ಪಡಿಸಲು ಸುಲಭದ ಪರೀಕ್ಷೆ ಬೀಜ: ಸಿಜಿಜಿಯಂನಲ್ಲಿ ಎರಡು ಬೀಜದಳ ಸಾಮಾನ್ಯವಾಗಿ ಬೇಳೆಯಂತೆ ಬಿಡಿಯಾಗುತ್ತವೆ, ಯೂಜೀನಿಯಾದಲ್ಲಿ ಕೂಡಿ ಒಂದೇ ಮುದ್ದೆ. ಎಳೆಭಾಗದಲ್ಲಿ ರೋಮ ಇದ್ದು, ಉದ್ದ ತೊಟ್ಟಿನ ಹೂಗಳು ಒಂಟಿಯಾಗಿಯೋ ಕೆಲವೇ ಕೂಡಿಯೋ ಎಲೆಯ ಕಂಕುಳಲ್ಲಿ ಬಂದಿದ್ದರೆ ಯೂಜೀನಿಯಾ ಎಂದು ಅನುಮಾನಿಸಿ.

ಈಗ ಚಾಲ್ತಿಯಲ್ಲಿರುವ ಹೆಸರು ಯಾವುದೆಂದು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಆನ್‌ಲೈನ್ ಸಸ್ಯಪಟ್ಟಿಯಲ್ಲಿ ನೋಡಿಕೊಳ್ಳಿ. ಫೋನಿನ ಗುರುತಿಸುವ ಆ್ಯಪ್ ಕುಲದವರೆಗೆ ಸರಿ ಹೇಳಬಹುದು. ಅದರಾಚೆ ಅದರ ಮಾತನ್ನು ಚೀಟಿಯ ಮೇಲೆ ಬರೆಯಬೇಡಿ. ತೀರ್ಮಾನವಾಗದಿದ್ದರೆ ‘ಸಿಜಿಜಿಯಂ ಪ್ರಭೇದ’ ಎಂದಷ್ಟೇ ಬರೆದಿಡುವುದರಲ್ಲಿ ಅವಮಾನವೇನಿಲ್ಲ. ತಪ್ಪು ಹೆಸರು ಬರೆದದ್ದು ಮಾತ್ರ ಹಲವರನ್ನು ದಾರಿ ತಪ್ಪಿಸುತ್ತದೆ.

9. ಬೀಜದ ಮೇಲೆ ಕೆಲಸ ಮಾಡುವವರಿಗೆ

ಗ್ರಂಥಿಗೆ ಅಂಗಡಿಯ ನೇರಳೆ ಬೀಜದ ಪುಡಿ ತಂದು ‘ಇದಕ್ಕೆ ವೋಚರ್ ಸಂಖ್ಯೆ ಕೊಡಿ’ ಎಂದರೆ ಯಾವ ಹರ್ಬೇರಿಯಂ ಕೂಡ ಕೊಡಲಾರದು. ಪುಡಿಗೆ ಮರವಿಲ್ಲ. ವೋಚರ್ ತೆಗೆದ ಮರದ್ದೇ ಹಣ್ಣು ಆರಿಸಿ, ಬೀಜ ನೀವೇ ತೆಗೆಯಿರಿ.

ಮೊಳಕೆ ಪರೀಕ್ಷೆಯಾದರೆ ತಡಮಾಡಬೇಡಿ. ನೇರಳೆ ಬೀಜ ಒಣಗಿದರೆ ಸಾಯುವ ಜಾತಿ, ರಾಗಿಯಂತೆ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತಲಾಗದು. ತಿರುಳು ತೊಳೆದು ಒಂದೆರಡು ವಾರದೊಳಗೆ ಒದ್ದೆ ಮರಳಿಗೆ ಹಾಕಿ. ಇನ್ನೊಂದು: ಒಂದು ಬೀಜದಿಂದ ಎರಡು ಮೂರು ಸಸಿ ಏಳುವುದು ನೇರಳೆಯಲ್ಲಿ ಸಹಜ. ಸಸಿ ಎಣಿಸಿ ಶೇಕಡಾ ಹಾಕಿದರೆ 100 ಬೀಜಕ್ಕೆ 130 ಮೊಳಕೆ ಬಂದಂತೆ ಲೆಕ್ಕ ಬರಬಹುದು. ಎಣಿಸಬೇಕಾದದ್ದು ಮೊಳೆತ ಬೀಜವನ್ನು. ಒಂದೊಂದು ಬೀಜಕ್ಕೆ ಒಂದೊಂದು ಗುಳಿ ಇರುವ ಟ್ರೇ ಬಳಸಿದರೆ ಈ ಗೊಂದಲವೇ ಇಲ್ಲ.

10. ಒಪ್ಪಿಸುವುದು

ನಿಮ್ಮ ಕಪಾಟಿನಲ್ಲಿರುವ ಹಾಳೆ ವೋಚರ್ ಆಗುವುದಿಲ್ಲ. ಬೇರೆಯವರು ಹೋಗಿ ನೋಡಬಹುದಾದ ಜಾಗದಲ್ಲಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಭಾರತೀಯ ಸಸ್ಯ ಸರ್ವೇಕ್ಷಣೆಯ ಪುಣೆ ಮತ್ತು ಕೊಯಮತ್ತೂರು ಕೇಂದ್ರಗಳಲ್ಲಿ ದೊಡ್ಡ ಹರ್ಬೇರಿಯಂಗಳಿವೆ. ಹತ್ತಿರದ ವಿಶ್ವವಿದ್ಯಾಲಯದ್ದೂ ಆದೀತು. ಇಂಡೆಕ್ಸ್ ಹರ್ಬೇರಿಯೋರಂ ಎಂಬ ಜಾಗತಿಕ ಪಟ್ಟಿಯಲ್ಲಿ ಅದಕ್ಕೆ ಸಂಕೇತಾಕ್ಷರ ಇದೆಯೇ ಎಂದು ನೋಡಿಕೊಳ್ಳಿ. ತೆಗೆದುಕೊಂಡು ಹೋಗುವ ಮೊದಲು ಪತ್ರ ಬರೆದು ಕೇಳಿ. ಕೆಲವು ಕಡೆ ಅಂಟಿಸದ ಮಾದರಿಯನ್ನೇ ಬಯಸುತ್ತಾರೆ, ಕೆಲವು ಕಡೆ ಅನುಮತಿ ಪತ್ರದ ಪ್ರತಿ ಇಲ್ಲದೆ ಮುಟ್ಟುವುದಿಲ್ಲ.

ಅಲ್ಲಿ ಎರಡು ಸಂಖ್ಯೆಗಳಾಗುತ್ತವೆ. ನೀವು ಕಾಡಿನಲ್ಲಿ ಕೊಟ್ಟದ್ದು ಸಂಗ್ರಹ ಸಂಖ್ಯೆ, ಹರ್ಬೇರಿಯಂ ಮೊಹರು ಒತ್ತಿದ್ದು ದಾಖಲು ಸಂಖ್ಯೆ. ಪ್ರಬಂಧದಲ್ಲಿ ಎರಡನ್ನೂ, ಸಂಗ್ರಹಿಸಿದವರ ಹೆಸರು ಮತ್ತು ಹರ್ಬೇರಿಯಂನ ಸಂಕೇತಾಕ್ಷರದ ಸಮೇತ ಬರೆಯಿರಿ. ಸಿಲಿಕಾ ಚೀಲ, ಎಥನಾಲ್ ಬಾಟಲಿ, ಬೀಜದ ಲಕೋಟೆ, ಫೋಟೋ ಫೈಲ್‌ಗಳ ಮೇಲೂ ಸಂಗ್ರಹ ಸಂಖ್ಯೆಯೇ ಇರಲಿ. ಮುಂದೆ ಪರಿಣತರೊಬ್ಬರು ಹಾಳೆ ನೋಡಿ ಹೆಸರು ತಿದ್ದಿದರೆ ಹಳೆ ಚೀಟಿ ಕಿತ್ತು ಹಾಕುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಚೀಟಿ ಅಂಟಿಸುತ್ತಾರೆ. ಅದಕ್ಕಾಗಿ ಅಂಟಿಸುವಾಗಲೇ ನಿಮ್ಮ ಚೀಟಿಯ ಮೇಲ್ಗಡೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಟ್ಟಿರಿ.